ಏಳು ಇರುವೆಗಳ ಊರು

ಚಳ್ಳಕೆರೆ
೧೭ ಜುಲೈ ೨೦೨೪, ಬುಧವಾರ

ಪ್ರೀತಿಯ ನಾಗೂ,

ಜಿಗಣೆ ಕಚ್ಚಿದ ಕಾಲು ಹೇಗಿದೆ? ಕೆರೆದು ಹುಣ್ಣು ಮಾಡಿಕೊಂಡಿದ್ದೇನೆ ಎಂದು ಭಾನುವಾರ ನೀನೇ ಹೇಳಿದೆ. ಕೇರಳದ ಆ ಕಾಡಿನಂಚಿನ ಪ್ರಯೋಗಾಲಯದಲ್ಲಿ ಹಾಕಿದ ಬಟ್ಟೆಯೇ ಒಣಗುವುದಿಲ್ಲವಂತೆ, ಇನ್ನು ಗಾಯ ಎಲ್ಲಿ ಒಣಗೀತು. ಬೇವಿನೆಣ್ಣೆ ಹಚ್ಚು. ಇಲ್ಲಿ ಮೋಡಗಳು ದಿನವೂ ಆಂಧ್ರದ ಕಡೆಗೆ ಹಾದುಹೋಗುತ್ತವೆ, ಗಾಳಿ ಮಾತ್ರ ನಮ್ಮ ಪಾಲಿಗೆ. ನನ್ನ ಸಕ್ಕರೆ ಹತೋಟಿಯಲ್ಲಿದೆ. ನಿನ್ನ ಅತ್ತಿಗೆ ಶೇಂಗಾ ಚಟ್ನಿಪುಡಿ ಮಾಡಿದ್ದಾಳೆ, ಬೇರೆಯಾಗಿ ಕಳಿಸುತ್ತೇವೆ. ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡುವವನು ಕಾಗದ ಯಾಕೆ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸುತ್ತಿರಬಹುದು. ಫೋನಿನಲ್ಲಿ ಹೇಳಲು ಎರಡು ವರ್ಷ ಪ್ರಯತ್ನಪಟ್ಟೆ.

ನಿನ್ನ ಪ್ರಬಂಧದ ಕೊನೆಯ ಕರಡನ್ನು ಓದಿ ಹೇಳಿದೆಯಲ್ಲ, ಅದು ತಲೆಯಲ್ಲಿ ಕೂತಿದೆ. ಪಾಲಿರಾಕಿಸ್ ಎಂಬ ಕುಲ, ಅದರಲ್ಲಿ ಇದುವರೆಗೆ ಯಾರೂ ಹೆಸರಿಡದ ಒಂದು ಪ್ರಭೇದ. ಎದೆಯ ಮೇಲೆ ಮುಳ್ಳು, ಸಣ್ಣ ಸೊಂಟದ ಮೇಲೆ ಹಿಂದಕ್ಕೆ ಬಾಗಿದ ಎರಡು ಕೊಕ್ಕೆ, ಹೊಟ್ಟೆಯ ಮೇಲೆ ಹೊಂಬಣ್ಣದ ರೋಮ. ಹತ್ತಿರದ ಬಂಧುಗಳಲ್ಲಿ ಆ ಕೊಕ್ಕೆಗಳು ಹೊಟ್ಟೆಯನ್ನು ತಬ್ಬಿದ ಹಾಗಿರುತ್ತವೆ, ಇದರಲ್ಲಿ ತುಸು ದೂರ ನಿಂತಿವೆ. ಆ ತುಸು ದೂರಕ್ಕಾಗಿ ನೀನು ನಾಲ್ಕು ಸಂಗ್ರಹಾಲಯಗಳ ಇರುವೆಗಳನ್ನು ಅಳೆದೆ. ಆದರೆ ಪ್ರಬಂಧದ ಜೀವ ಇರುವುದು ಕೊಕ್ಕೆಯಲ್ಲಲ್ಲ, ಅದು ಸಿಕ್ಕ ಜಾಗದಲ್ಲಿ. ಮಳೆಕಾಡಿನ ಬಿದಿರಿನಲ್ಲಿ ಬದುಕುವ ವಂಶದ ಇರುವೆ ನಮ್ಮ ವರವು ಕಾವಲಿನ ಒಣ ಹುಲ್ಲಿನಲ್ಲಿ ಸಿಕ್ಕಿತು, ಆದ್ದರಿಂದ ಒಂದು ಕಾಲಕ್ಕೆ ಕಾಡು ಇಲ್ಲಿಯವರೆಗೂ ಇದ್ದಿರಬೇಕು ಎಂಬುದು ನಿನ್ನ ವಾದ. ಅದಕ್ಕೇ ಹೆಸರನ್ನೂ ಕಾವಲಿನದೇ ಇಟ್ಟಿದ್ದೀಯ. ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಒಮ್ಮೆ ಅಚ್ಚಾದರೆ, ಊರು ತಪ್ಪಾಗಿದ್ದರೂ ಹೆಸರು ಅದೇ ಉಳಿಯುತ್ತದಂತೆ. ನೀನು ಅದನ್ನು ನಗುತ್ತಾ ಹೇಳಿದೆ, ನಾನು ಹೂಂಗುಟ್ಟಿದೆ.

ನಾಗೂ, ನಾನು ಕಳಿಸಿದ ಆ ಏಳು ಇರುವೆಗಳು ಕಾವಲಿನವಲ್ಲ.

ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ಕಾವಲಿನ ಇರುವೆ ಬೇಕೆಂದು ನೀನು ಕೇಳಿದ್ದೆ. ಸ್ಪಿರಿಟ್ಟಿನಲ್ಲಿ ಶಾಯಿ ಕರಗುತ್ತದೆ, ಪೆನ್ಸಿಲಿನಲ್ಲಿ ಚೀಟಿ ಬರೆದು ಶೀಸೆಯ ಒಳಗೇ ಹಾಕು ಎಂದು ನೀನು ಹೇಳಿಕೊಟ್ಟಿದ್ದೆ. ಇರುವೆ ಸಿಕ್ಕ ಮೇಲೆ, ಸಿಕ್ಕ ಜಾಗದಲ್ಲೇ ಕೂತು ಬರೆಯಬೇಕು ಎಂದೂ ಹೇಳಿದ್ದೆ. ನನ್ನದು ಮೇಷ್ಟ್ರ ಬುದ್ಧಿ. ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನವೇ ಶೀಸೆಗಳಿಗೆಲ್ಲ ಚೀಟಿ ಅಂಟಿಸಿಡುವ ಅಭ್ಯಾಸ. ಹಾಗೆಯೇ ಮನೆಯಲ್ಲಿ ಕೂತು ಹನ್ನೆರಡು ಚೀಟಿ ಬರೆದು ಹನ್ನೆರಡು ಶೀಸೆಗೆ ಹಾಕಿಕೊಂಡು ಹೊರಟೆ. ಸ್ಥಳ ವರವು ಕಾವಲ್, ಕೆಳಗೆ ತಾರೀಕು, ಕೆಳಗೆ ನನ್ನ ಹೆಸರು. ಆ ದಿನ ಕಾವಲಿಗೆ ಹಾಕಿದ ಬೇಲಿಯ ಈಚೆ ಸುತ್ತಿ ಹನ್ನೊಂದು ಶೀಸೆ ತುಂಬಿದೆ, ಎಲ್ಲವೂ ಎಲ್ಲೆಡೆ ಸಿಗುವಂಥವೇ. ಒಂದು ಖಾಲಿ ಉಳಿಯಿತು. ಅಲ್ಲಿಂದ ಮೊಳಕಾಲ್ಮೂರಿಗೆ ಹೋದೆ, ಹೊನ್ನಕ್ಕತ್ತೆಯನ್ನು ನೋಡಿಕೊಂಡು ಬರಲು.

ಅತ್ತೆ ಮಗ್ಗದ ಮೇಲಿನ ಹಳೆಯ ಗಳ ಮುರಿಯಿತೆಂದು ಹೊಸ ಬಿದಿರು ತರಿಸಿದ್ದಳು. ಹಿಂದಿನ ದಿನ ಅದನ್ನು ಅಳತೆಗೆ ಕೊಯ್ಸಿದ್ದಳಂತೆ. ನಾನು ಹೋದಾಗ ಕೊಯ್ದ ತುದಿಯ ಬಾಯಿಗೆ ತೆಳ್ಳನೆಯ ಬಟ್ಟೆಯಂಥದು ಕಟ್ಟಿಕೊಂಡಿತ್ತು. ಮಗ್ಗದ ರೇಷ್ಮೆ ಹಾರಿ ಕೂತಿದೆ ಎಂದುಕೊಂಡೆ. ಅತ್ತೆ ಅದನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. “ಇದು ನಮ್ ರೇಷ್ಮೆ ಅಲ್ಲಪ್ಪ, ಬೆರಳಿಗೆ ಜಾರಲ್ಲ. ಇಲ್ನೋಡು, ಮರೀ ಬಾಯಾಗಿಂದ ನೂಲು ತೆಗೀತಾವೆ. ನಮ್ಮಪ್ಪನಿಗಿಂತ ಕಡೆ ಇವು. ಆತ ನಂಗೆ ಏಳು ವರ್ಷಕ್ಕೆ ಲಾಳಿ ಕೊಟ್ಟ, ಇವು ಕಣ್ಣು ಬಿಡೋಕ್ ಮುಂಚೇನೇ ಕೆಲಸಕ್ಕೆ ಹಚ್ತಾವೆ.” ನಿಜವಾಗಿಯೂ ಹಾಗೇ ಇತ್ತು. ಬೆಳೆದ ಇರುವೆಗೆ ರೇಷ್ಮೆ ಇಲ್ಲ, ಇರುವುದು ಮರಿಹುಳುವಿಗೆ. ದೊಡ್ಡದು ಮರಿಯನ್ನು ದವಡೆಯಲ್ಲಿ ಹಿಡಿದು ಅದರ ತಲೆಯನ್ನು ಬಿದಿರಿನ ಈ ಗೋಡೆಗೆ ಒಮ್ಮೆ, ಆ ಗೋಡೆಗೆ ಒಮ್ಮೆ ತಾಗಿಸುತ್ತಿತ್ತು. ಇಪ್ಪತ್ತಾರು ವರ್ಷ ನಾನು ತರಗತಿಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನು ಅಂದು ಮಂಡಿಯೂರಿ ಒಂದು ಗಂಟೆ ನೋಡಿದೆ. ಕೈಯಲ್ಲಿದ್ದದ್ದು ಆ ಹನ್ನೆರಡನೆಯ ಶೀಸೆಯೊಂದೇ. ಏಳು ಇರುವೆ, ಗೂಡಿನ ಬಟ್ಟೆಯ ಒಂದು ಚೂರು. ಚೀಟಿಯನ್ನು ಮನೆಗೆ ಹೋಗಿ ಬದಲಿಸೋಣ ಎಂದುಕೊಂಡೆ. ಮರುದಿನ ಕಾಲೇಜಿಗೆ ಹೊತ್ತಾಯಿತೆಂದು ಡಬ್ಬಿಯನ್ನು ಹಾಗೆಯೇ ಕೊರಿಯರಿಗೆ ಕೊಟ್ಟೆ. ಮರೆತದ್ದು ನಿಜ. ಆದರೆ ಮರೆವು ಇದ್ದದ್ದು ಮೂರು ವಾರ, ನಿನ್ನ ಫೋನು ಬರುವವರೆಗೆ.

ನೀನು ಫೋನಿನಲ್ಲಿ ಸಂತೋಷಕ್ಕೆ ಅತ್ತುಬಿಟ್ಟೆ. ಕಾವಲಿನಲ್ಲಿ ಇಂಥದೊಂದು ಇರುತ್ತದೆ ಎಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ ಅಣ್ಣ ಎಂದೆ. ನಾನು ಅವತ್ತು ಚೀಟಿಯ ಮಾತೆತ್ತಲಿಲ್ಲ. ಎರಡು ತಿಂಗಳ ನಂತರ ನೀನು, ಗೂಡಿನ ಚೂರಿನೊಳಗೆ ಒಂದು ಗುಲಾಬಿ ಎಳೆ ಸೇರಿಕೊಂಡಿದೆಯಲ್ಲ, ಅದು ಎಲ್ಲಿಂದ ಬಂತು ಎಂದು ಕೇಳಿದೆ. ಅತ್ತೆಯ ಮಗ್ಗದ ಕೆಳಗೆ ಬಿದ್ದ ಎಳೆಯನ್ನು ಇರುವೆಗಳು ತಮ್ಮ ನೇಯ್ಗೆಯಲ್ಲಿ ಸೇರಿಸಿಕೊಂಡಿದ್ದವು. ನನ್ನ ಜೇಬಿನದಿರಬೇಕು, ನೇಕಾರರ ಮಗನ ಜೇಬು ತಾನೇ ಎಂದೆ ನಾನು. ನೀನು ನಕ್ಕು, ಅದನ್ನು ಇಕ್ಕುಳದಲ್ಲಿ ತೆಗೆದು ಎಸೆದೆ. ಮರೆವು ಸುಳ್ಳಾದದ್ದು ಆ ಕ್ಷಣದಲ್ಲಿ, ಬಹಳ ಸುಲಭವಾಗಿ.

ಯಾಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಹೈಸ್ಕೂಲಿನ ಕೆಲಸ ಬಿಟ್ಟು ನೀನು ಸಂಶೋಧನೆಗೆ ಹೊರಟಾಗ, ಮಕ್ಕಳನ್ನ ಓದಿಸೋ ವಯಸ್ಸಿನಾಗೆ ಇವಳು ಓದ್ತಾಳಂತೆ ಎಂದು ಅತ್ತೆಯ ಮನೆಯಲ್ಲಿ ಎಲ್ಲರೆದುರು ಅಂದವನು ನಾನು. ಆಮೇಲೆ ಮೂರು ವರ್ಷ ನೀನು ಫೋನು ಮಾಡಲಿಲ್ಲ. ಕಾವಲಿನ ಇರುವೆ ಬೇಕು ಎಂದು ಕೇಳಿದಾಗಲೂ ಬಂದದ್ದು ಎರಡು ಸಾಲಿನ ಸಂದೇಶ, ಅದರ ಹಿಂದೆ ಚೀಟಿ ಬರೆಯುವ ಸೂಚನೆಗಳು, ಎಲ್ಲೂ ಅಣ್ಣ ಎಂಬ ಪದವಿರಲಿಲ್ಲ. ಈ ಏಳು ಇರುವೆ ಬಂದ ಮೇಲೆ ಪ್ರತಿ ಭಾನುವಾರ ಮಾತು. ನಿನ್ನ ಅತ್ತಿಗೆ ಹೇಳುತ್ತಾಳೆ, ಅವತ್ತು ಬೆಳಿಗ್ಗೆಯಿಂದಲೇ ನಾನು ಫೋನನ್ನು ಕೋಣೆಯಿಂದ ಕೋಣೆಗೆ ಹೊತ್ತು ತಿರುಗುತ್ತೇನೆಂದು. ಇದು ಸಮರ್ಥನೆಯಲ್ಲ. ಮಾದರಿ ಎಲ್ಲಿ ಸಿಕ್ಕಿತೆಂದು ಬರೆಯುವಂತೆ ಬರೆಯುತ್ತಿದ್ದೇನೆ.

ಹೋದ ವಾರ, ನಿಜವಾದ ಕಾಡಿನ ಹೆಸರನ್ನಾದರೂ ಹುಡುಕಿಕೊಡೋಣ ಎಂದು ಹೊರಟೆ. ಅತ್ತೆ ಆ ಬಿದಿರನ್ನು ತರಿಸಿದ್ದು ಇಲ್ಲೇ ಚಳ್ಳಕೆರೆಯ ಮೌಲಾ ಸಾಬರ ಅಂಗಡಿಯಿಂದ. ಅವರು ಬಿದಿರಿನ ರಾಶಿಯ ಮೇಲೆ ಕೂತೇ ಹೇಳಿದರು: “ಶಿವಮೊಗ್ಗದ ಲಾರಿನೂ ಬರ್ತೈತೆ, ದಾಂಡೇಲಿದೂ ಬರ್ತೈತೆ, ಎಲ್ಲಾ ಒಂದೇ ರಾಶಿ. ಯಾವ ಕಾಡು ಅಂತ ಬಿದಿರು ಹೇಳ್ತೈತೇನ್ರೀ ಮೇಷ್ಟ್ರೇ?” ಅತ್ತೆಯ ಮನೆಯ ಗೂಡನ್ನೂ ನೋಡಿಬಂದೆ. ಬಿದಿರು ಹಿತ್ತಿಲಿನಲ್ಲಿ ಬಿದ್ದಿದೆ. ನಾನು ಇರುವೆ ಹಿಡಿದ ಮರುವರ್ಷದ ಬೇಸಿಗೆ ಬರುವಷ್ಟರಲ್ಲಿ ಒಂದೂ ಉಳಿಯಲಿಲ್ಲವಂತೆ. ಒಳಗೆ ಬಟ್ಟೆ ಮಾತ್ರ ಇತ್ತು, ಮುಟ್ಟಿದರೆ ಪುಡಿಯಾಯಿತು. ನಮ್ಮ ಬಿಸಿಲು ಅವಕ್ಕೆ ಆಗಿಬರುವುದಿಲ್ಲ. ಇದನ್ನೂ ನೀನು ಬರೆದುಕೊಳ್ಳಬೇಕು.

ಅತ್ತೆಗೆ ಎಲ್ಲ ಹೇಳಿದೆ. ಅವಳು ಲಾಳಿ ನಿಲ್ಲಿಸಲಿಲ್ಲ. “ಬೈತಾಳೆ. ಬೈಸ್ಕೋ. ನೀನು ಎಷ್ಟು ಮಕ್ಕಳಿಗೆ ಬೈದಿಲ್ಲ” ಎಂದಳು.

ಇರುವೆ ಹೊಸದೇ, ಕೊಕ್ಕೆ ಕೊಕ್ಕೆಯೇ. ನಿನ್ನ ಅಳತೆಗಳಲ್ಲಿ ಒಂದೂ ಸುಳ್ಳಾಗುವುದಿಲ್ಲ. ಹೋಗುವುದು ಕಾವಲು, ಹೆಸರು, ಕಾಡು ಇಲ್ಲಿಯವರೆಗೆ ಬಂದಿತ್ತೆಂಬ ಮಾತು. ಐದು ವರ್ಷದ ಕೆಲಸದಲ್ಲಿ ಅದು ಎಷ್ಟು ಪಾಲು ಎಂದು ನಿನಗೆ ಗೊತ್ತು, ನನಗೂ ಅಂದಾಜಿದೆ. ಚೀಟಿಯಲ್ಲಿ ಇರಬೇಕಾದದ್ದು ಇಷ್ಟು: ಮೊಳಕಾಲ್ಮೂರು, ಮಗ್ಗದ ಮನೆ, ಕೊಂಡು ತಂದ ಬಿದಿರಿನೊಳಗೆ, ಮೂಲ ಗೊತ್ತಿಲ್ಲ.

ಅತ್ತೆ, ಅತ್ತಿಗೆ ಇಬ್ಬರೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಕಾಲು ಜೋಪಾನ. ನಿನಗೆ ಒಳ್ಳೆಯದಾಗಲಿ ಎಂದು ಬರೆಯುವ ಹಕ್ಕು ಈ ಕಾಗದಕ್ಕಿಲ್ಲ, ಆದರೂ ಆಗಲಿ.

ನಿನ್ನ ಅಣ್ಣ,
ಮಾರುತೇಶ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತು ಇದನ್ನು ಸೇರಿಸುತ್ತಿದ್ದೇನೆ. ಓದಿದ ಕೂಡಲೇ ನೀನು ಫೋನು ಮಾಡಿ, ಹೋಗ್ಲಿ ಬಿಡಣ್ಣ, ಯಾರಿಗೆ ಗೊತ್ತಾಗ್ತೈತೆ ಎನ್ನಬಹುದು. ಎಂದರೆ ನಾನು ಒಪ್ಪಿಬಿಡುತ್ತೇನೆ. ಅದಕ್ಕೇ ಇದನ್ನೆಲ್ಲ, ಗುಲಾಬಿ ಎಳೆಯ ಸುಳ್ಳನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಬರೆದು ನಿನ್ನ ಸಂಶೋಧನೆಯ ಮಾರ್ಗದರ್ಶಕಿ ಮೇಡಂ ಅವರಿಗೆ ಸೋಮವಾರವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಿನಗೆ ಏನೂ ಗೊತ್ತಿರಲಿಲ್ಲ ಎಂದು ಅದರಲ್ಲಿ ಸಹಿ ಮಾಡಿದ್ದೇನೆ. ನಿನ್ನನ್ನು ಕೇಳದೆ ಹಾಕಿದೆ. ಕೇಳಿದ್ದರೆ ಹಾಕುತ್ತಿರಲಿಲ್ಲ.