ಕಲ್ಯಾಣಿಗೆ ಗೇಟು

ಶನಿವಾರ, ನವೆಂಬರ್ 15. ಕೈಲಾಂಚ

ಸಾರಿ ಡೈರಿ, ಮತ್ತೆ ಟೆನ್ಷನ್ನೇ ಬರೆಯಲು ಕೂತೆ. ಹೊಸ ಲೇಔಟ್‌ನವರು ಪಂಚಾಯಿತಿಗೆ ಕಟ್ಟಿದ ಅಭಿವೃದ್ಧಿ ಶುಲ್ಕದಲ್ಲಿ ಏನು ಮಾಡಿಸೋಣ ಎಂದು ಇವತ್ತು ಗ್ರಾಮಸಭೆಯಲ್ಲಿ ಕೇಳಿದರು. ಕಾಲೇಜು ಹುಡುಗಿ ಎಂದು ಮೈಕ್ ನನಗೇ ಕೊಟ್ಟರು. ಊರ ಕಲ್ಯಾಣಿಗೆ ಟೈಲ್ಸ್, ಸುತ್ತ ಗ್ರಿಲ್, ಗೇಟು ಎಂದುಬಿಟ್ಟೆ. ಚಪ್ಪಾಳೆ ತಟ್ಟಿ ಬರೆದುಕೊಂಡರು.

ಮನೆಯಲ್ಲಿ ಅಜ್ಜಿ, "ಗೇಟ್ ಹಾಕ್ಬುಟ್ರೆ ಚಂದ್ರಿಕೆ ಎಲ್ ತೊಳ್ಯಾದು ಮಗ?" ಎಂದಳು.

ರೇಷ್ಮೆಹುಳು ಗೂಡು ಕಟ್ಟುವ ಆ ಬಿದಿರು ತಟ್ಟೆಗಳನ್ನು, ಹಾಸ್ಟೆಲಿನಿಂದ ರಜಕ್ಕೆ ಬಂದಾಗಲೆಲ್ಲ ಅವಳ ಜೊತೆ ಅಲ್ಲೇ ಉಜ್ಜುತ್ತಿದ್ದೆ. ಮೊಣಕಾಲುದ್ದ ನೀರು, ಮೇಲೆ ಅವಳ ಬೈಗುಳ: "ನಿನ್ ಇಂಗ್ಲಿಷ್ ಆಮೇಕೆ, ಒಸಿ ಗಟ್ಟಿಯಾಗಿ ಉಜ್ಜು!" ನನಗೆ ಊರು ಎಂದರೆ ಅದೇ ಆಗಿತ್ತು. ಮೈಕ್ ಹಿಡಿದಾಗ ಅದೇ ಮರೆತುಹೋಯಿತು.

ಪಂಚಾಯಿತಿ ಮೆಂಬರ್ ಬಾಲರಾಜು ಮಾವನಿಗೆ ಮೆಸೇಜ್ ಹಾಕಿದೆ: "ಮಾವ, ಕಲ್ಯಾಣಿಗೆ ಗ್ರಿಲ್, ಗೇಟು ಬೇಡ, ತಪ್ಪು ನಂದೇ. ಸೋಮವಾರ ಎಸ್ಟಿಮೇಟ್ ಹೋಗೋದ್ರೊಳಗೆ ತೆಗೆಸಿ. ಪ್ಲೀಸ್, ಬೇಗ ರಿಪ್ಲೈ ಮಾಡಿ."