ಅಮ್ಮನ ಟ್ಯೂಬು

ಫೆಬ್ರವರಿ 13
ಡಿಎನ್‌ಎ ಪರೀಕ್ಷೆಯ ಜೆಲ್ ಇವತ್ತೂ ಹರಿದುಹೋಯಿತು. ಕೈಗೆ ಸಮಾಧಾನವೇ ಇಲ್ಲ. ಪಿಎಚ್‌ಡಿಯ ನಾಲ್ಕನೇ ವರ್ಷ, ಒಂದು ಪೇಪರ್ ಇಲ್ಲ. ನಡಿಗೆ ತೂರಾಡುವ ಕಾಯಿಲೆ ನನ್ನ ವಿಷಯ. ಒಂದು ಜೀನಿನಲ್ಲಿ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ, ಪ್ರೋಟೀನ್ ಗಂಟು ಕಟ್ಟುತ್ತದೆ, ಮೆದುಳಿನ ಒಂದು ಭಾಗ ಸೊರಗುತ್ತದೆ. ಆ ಭಾಗವೇ ಯಾಕೆ? ಗೈಡ್ ಉಮಾ ಮೇಡಂ ದಿನಾ ಕೇಳುತ್ತಾರೆ. ಸ್ಯಾಂಪಲ್ ಸಾಲದು. ಭಾನುವಾರ ಊರ ಕಡೆ ಹೋಗಬೇಕು.

ಫೆಬ್ರವರಿ 18, ಸಂಜೆ, ಕುಮಟಾ ಸ್ಟೇಷನ್
ಅಘನಾಶಿನಿಯಲ್ಲಿ ಈ ಕಾಯಿಲೆ ಇರುವ ಭಾಸ್ಕರಣ್ಣನ ಮನೆಗೆ ಹೋಗಿದ್ದೆ. ಐವತ್ತು ದಾಟಿಲ್ಲ, ಗೋಡೆ ಹಿಡಿದು ನಡೆಯುತ್ತಾನೆ. ಊರವರು ಕುಡುಕ ಅಂದುಕೊಂಡಿದ್ದರಂತೆ. ಸೂಜಿ ಕಂಡದ್ದೇ ಮನೆಮಂದಿ ಹಿಂದೆ ಸರಿದರು. ನೀರಿಗಿಳಿದು ಬೆಳಚು ಚಿಪ್ಪು ಆರಿಸಬೇಕು, ರಕ್ತ ಕೊಟ್ಟರೆ ಸುಸ್ತು ಎಂಬ ನೆಪ. ಅಮ್ಮನಿಗೆ ಅದು ತವರೂರು, ಜೊತೆಗೆ ಬಂದಿದ್ದಳು. ಸೀದಾ ತೋಳು ಚಾಚಿದಳು.
"ಮೊದ್ಲು ನಂದು ತಕ್ಕಾ. ನಾ ಸತ್ರೆ ನೀವ್ ಯಾರೂ ಕೊಡೂದು ಬ್ಯಾಡ."
ನಗು ಎದ್ದಿತು. ಒಬ್ಬೊಬ್ಬರೇ ಬಂದು ಕೊಟ್ಟರು. ಅಮ್ಮನ ರಕ್ತದ ಟ್ಯೂಬು ಎಸೆಯಲು ಮನಸ್ಸಾಗಲಿಲ್ಲ. ಅವಳ ಸಹಿ ಹಾಕಿಸಿ ಆರೋಗ್ಯವಂತರ ಸಾಲಿಗೆ ಸೇರಿಸಿದೆ — ಕಂಟ್ರೋಲ್ ಡಬ್ಬಿಗೆ.

ಮಾರ್ಚ್ 6
ಕಂಟ್ರೋಲ್ ಒಂದು ಕೆಟ್ಟಿದೆ. ಜೆಲ್‌ನಲ್ಲಿ ಅದರ ಗೆರೆ, ಬ್ಯಾಂಡ್, ಮೇಲೆಯೇ ನಿಂತಿದೆ, ರೋಗಿಗಳದ್ದರ ಹಾಗೆ. ಪಿಪೆಟ್ಟಿನ ಟಿಪ್ ಬದಲಿಸಲು ಮರೆತು ರೋಗಿಯ ಸ್ಯಾಂಪಲ್ ಬೆರೆತಿರಬೇಕು, ನನ್ನ ಹಣೆಬರಹ. ಟ್ಯೂಬಿನ ಮೇಲಿನ ಕೋಡ್ ಯಾರದ್ದೆಂದು ನೋಡಿದೆ.
ನೋಡಬಾರದಿತ್ತು.

ಮಾರ್ಚ್ 7
ಮತ್ತೆ ಹಾಕಿದೆ. ಅದೇ.

ಮಾರ್ಚ್ 11
ಮೇಡಂ ಜೆಲ್‌ನ ಚಿತ್ರ ನೋಡಿದರು. ಈ ಕಂಟ್ರೋಲ್ ಲೆಕ್ಕದಿಂದ ಬಿಟ್ಟುಬಿಡು ಅಂದರು. ಬಿಟ್ಟೆ. ಯಾರದ್ದೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ರಕ್ತ ಕೊಟ್ಟವರಿಗೆ ಫಲಿತಾಂಶ ತಿಳಿಸುವುದಿಲ್ಲ ಎಂಬುದು ನಿಯಮ... ಮನೆಮನೆಗೆ ಹೋಗಿ ಆ ನಿಯಮ ಓದಿ ಹೇಳಿದವಳು ನಾನೇ. ಸಿಟ್ಟು ಬರುತ್ತದೆ, ಯಾರ ಮೇಲೋ ಗೊತ್ತಿಲ್ಲ. ಅಮ್ಮನ ಫೋನು. ಬ್ಲೌಸ್ ಹೊಲಿಗೆ ಸೊಟ್ಟ ಹೋಗುತ್ತಿದೆಯಂತೆ, ಕನ್ನಡಕ ಬದಲಿಸಬೇಕಂತೆ.

ಮಾರ್ಚ್ 24, ಮಧ್ಯಾಹ್ನ, ಮಿರ್ಜಾನ
ಮನೆಗೆ ಬಂದಿದ್ದೇನೆ. ರೈಲಿನಲ್ಲಿ ಹೇಳಬಾರದು ಎಂದುಕೊಂಡೆ, ರಿಕ್ಷಾದಲ್ಲಿ ಹೇಳಲೇಬೇಕು ಎಂದುಕೊಂಡೆ. ಬಡಿಸುತ್ತಾ ಅಮ್ಮನೇ ಕೇಳಿದಳು, ತನ್ನ ರಕ್ತದಲ್ಲಿ ಎಂತ ಬಂತು ಅಂತ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲ ಹೇಳಿದೆ.
ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ತೂರಾಡುತ್ತಿದ್ದ ಅಜ್ಜ, ಅಮ್ಮನ ಅಪ್ಪ, ಕುಡಿದು ದೋಣಿಯಿಂದ ಬಿದ್ದು ಸತ್ತ ಎಂದು ಊರೆಲ್ಲ ಆಡಿಕೊಂಡಿತ್ತು. ಅಮ್ಮನೂ ನಂಬಿದ್ದಳು.
"ಅಪ್ಪ ಕುಡೀತೇ ಇರ್ಲಿಲ್ಲ, ಹಾಂಗಾರೆ."
ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ. ಅಮ್ಮ ಕೈತೊಳೆದು ಬಂದು ಎದುರು ಕೂತು, ಮಗಳಾದ ನನಗೂ ಬರುತ್ತದೆಯೇ ಎಂದು ಕೇಳಿದಳು. ಬರಬಹುದು, ಬರದೆಯೂ ಇರಬಹುದು, ಅರ್ಧಕ್ಕರ್ಧ ಅಂದೆ.
"ನಿಂದು ನೋಡ್ದ್ಯಾ?"
ಇಲ್ಲ ಅಂದೆ. ಧೈರ್ಯ ಇಲ್ಲ, ಅದನ್ನೂ ಅಂದೆ.
"ಆತು. ಎದ್ದು ನಡಿ, ನೋಡ್ವ."
ಅಡುಗೆಮನೆಯಿಂದ ಜಗುಲಿಯವರೆಗೆ ನಡೆದೆ. ಅವಳ ಕಣ್ಣು ನನ್ನ ಪಾದದ ಮೇಲೆಯೇ ಇತ್ತು. ತಿರುಗಿ ಬಾ ಅಂದಳು. ಬಂದೆ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಇಲ್ಲಿ ಕೂತು ಬರೆಯುತ್ತಿದ್ದೇನೆ. ಮತ್ತೆ ಕರೆಯುತ್ತಿದ್ದಾಳೆ, ಇನ್ನೊಂದು ಸಲ ನಡೆದು ತೋರಿಸಬೇಕಂತೆ, ಈ ಸಲ ನಿಧಾನಕ್ಕೆ —