ಹತ್ತರಲ್ಲಿ ಒಂದು ಪಾಲು

4 ನವೆಂಬರ್ 2006, ಶನಿವಾರ

ಏಳೂಕಾಲಿಗೆ ಆಫೀಸು. ಹವಾಮಾನದ ಫ್ಯಾಕ್ಸ್ ಬಂದು ಬಿದ್ದಿತ್ತು. ವಾಯವ್ಯ ಗಾಳಿ, ಅಲೆ ಎರಡು ಅಡಿ. ಸ್ಟುಡಿಯೋಗೆ ಕೊಟ್ಟೆ, ಎಂಟಕ್ಕೆ ಮೀನು ದೋಣಿಗಳಿಗೆ ಓದಬೇಕು. ಚಹಾಕ್ಕೆ ಸಕ್ಕರೆ ಹಾಕುವಷ್ಟರಲ್ಲಿ ಮಾಲೀಕ ನಾಸರ್ ಕರೆದ.

ಸ್ಟೇಷನ್ ಮಾರಿದ್ದಾರೆ.

ಕೊಂಡದ್ದು ಯಾವುದೋ ದೊಡ್ಡ ಕಂಪನಿ. ಅವರಿಗೆ ಬೇಕಾದದ್ದು ಶುಐಬಾ ರಸ್ತೆಯ ಪಕ್ಕ ನಮ್ಮ ಟವರ್ ನಿಂತಿರುವ ಜಾಗ. "ಎಎಂ ರೇಡಿಯೋ ಯಾರು ಕೇಳ್ತಾರೆ ಈಗ, ನ್ಯಾನ್ಸಿ? ಡಿಸೆಂಬರ್, ಖಲಾಸ್."

ನನಗೊಂದು ಕೆಲಸ. 'ಓನರ್‌ಶಿಪ್ ಹಿಸ್ಟರಿ.' ರೇಡಿಯೋ ಅಲ್-ಮಿರ್ಸಾ ಶುರುವಾದಂದಿನಿಂದ ಯಾರ್ಯಾರ ಕೈಯಲ್ಲಿತ್ತು ಎಂದು ಇಂಗ್ಲಿಷಿನಲ್ಲಿ ಒಂದು ಪುಟ. ಲಾಯರಿಗೆ ಬೇಕಂತೆ. 'ದಾಖಲೆ ನೋಡಿ ಬರೆದಿದ್ದೇನೆ, ಇದು ಸತ್ಯ' ಎಂದು ಕೆಳಗೆ ನನ್ನ ಸಹಿ ಬೇಕು. ಆಫೀಸಿನಲ್ಲಿ ಹಳಬಳು ನಾನೊಬ್ಬಳೇ... 88ರಲ್ಲಿ ಸೇರಿದವಳು.

ನನ್ನ ಇಕಾಮಾ, ಇಲ್ಲಿರುವ ಪರವಾನಗಿ, ಏನಾಗುತ್ತದೆ, ಕೇಳಿದೆ. "ರಿಲೀಸ್ ಕೊಡ್ತೇನೆ. ಬೇರೆ ಕಡೆ ಸೇರಿಕೋ. ಮೊದಲು ಪೇಪರ್."

ಗಂಡ ರಾನ್ಸನ್ ತೀರಿಹೋಗಿ ಮೂರು ವರ್ಷ. ಶೆರಿಲ್‌ಳ ವೀಸಾ ನನ್ನ ಮೇಲೆ. ಮಾರ್ಚಿನಲ್ಲಿ ಅವಳಿಗೆ ಹನ್ನೆರಡನೆಯ ಬೋರ್ಡ್ ಪರೀಕ್ಷೆ. ರಿಲೀಸ್ ಸಿಗದಿದ್ದರೆ ತಾಯಿ ಮಗಳು ಇಬ್ಬರೂ ವಿಮಾನ ಹತ್ತುವುದೇ. ಸಂಜೆ ಅವಳಿಗೆ ಹೇಳಿದೆ. "ಮಮ್ಮಿ, ದೇ ಕಾಂಟ್ ಡೂ ದಟ್!" ಎಂದಳು.

ಮಾಡಬಲ್ಲರು, ಮಗಾ.

6 ನವೆಂಬರ್, ಸೋಮವಾರ

ಇಡೀ ದಿನ ಹಳೆಯ ಫೈಲು. ಧೂಳಿಗೆ ಸೀನು.

1974 — ಅಬು ನಾಸರ್. ನಮ್ಮ ನಾಸರ್‌ನ ತಂದೆ. ದೋಣಿ ಕಟ್ಟುವವರ ಮಗ. ಸಮುದ್ರಕ್ಕೆ ಹೋದ ಅಣ್ಣ ಗಾಳಿಗೆ ಸಿಕ್ಕಿ ಮರಳಲಿಲ್ಲ. ಅದಕ್ಕೇ ಈ ಸ್ಟೇಷನ್, ಗಾಳಿಯ ಸುದ್ದಿ ಮೊದಲು, ಹಾಡು ಆಮೇಲೆ. 1981 — ಭಾವಮೈದುನನಿಗೆ ಅರ್ಧ ಪಾಲು. 1984 — ಜಗಳ. ಅರ್ಧ ಮತ್ತೆ ಅಬು ನಾಸರ್‌ಗೆ. 1999 — ಅವರು ತೀರಿಕೊಂಡರು. ಹೆಂಡತಿ, ಮೂವರು ಗಂಡುಮಕ್ಕಳು, ಒಬ್ಬ ಮಗಳು.

ನಡುವೆ ಆಗಸ್ಟ್ 90ರಿಂದ ಫೆಬ್ರವರಿ 91, ನೆರೆದೇಶದ ಸೈನ್ಯ ಈ ದೇಶವನ್ನು ಹಿಡಿದಿದ್ದ ಕಾಲ. ಆ ಏಳು ತಿಂಗಳು ಯಾರ ಹೆಸರು ಬರೆಯಲಿ? ಸೈನಿಕರು ಸ್ಟುಡಿಯೋ ಬಾಗಿಲು ಒಡೆದು ಮೈಕಿನಿಂದ ಹಿಡಿದು ಕುರ್ಚಿಯವರೆಗೆ ಲಾರಿಗೆ ಹೇರಿದ್ದರು. ಆಗ ನಾವೂ ಊರಿಗೆ ಓಡಿದವರೇ, ಬಸ್ಸಿನಲ್ಲಿ ಅಮ್ಮಾನ್‌ವರೆಗೆ. ಶೆರಿಲ್‌ಗೆ ಆಗ ಒಂದೂವರೆ ವರ್ಷ, ತೊಡೆಯ ಮೇಲೆ ಅಳುತ್ತಿದ್ದಳು.

ಟವರಿಗೆ ಫೋನ್ ಮಾಡಿ ಭೋಜಣ್ಣನನ್ನು ಕೇಳಿದೆ. ಟ್ರಾನ್ಸ್‌ಮಿಟರ್ ನೋಡಿಕೊಳ್ಳುವ ಭೋಜ ಸಾಲ್ಯಾನ್, ಮುಲ್ಕಿಯವರು. ಮೊದಲ ದಿನದಿಂದ ಇರುವವರು ಅವರೊಬ್ಬರೇ. ನನ್ನನ್ನು ಊರಿನ ರೂಢಿಯಂತೆ 'ಬಾಯಿ' ಎಂದೇ ಕರೆಯುವುದು.

"ಆ ಏಳು ತಿಂಗಳಾ? ಬಾಯಿ, ಅದು ಫೋನಿನಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ. ಇಲ್ಲಿಗೇ ಬನ್ನಿ."

8 ನವೆಂಬರ್, ಬುಧವಾರ

ಆಫೀಸ್ ವ್ಯಾನಿನಲ್ಲಿ ಟವರಿಗೆ. ಸುತ್ತ ಉಪ್ಪು ಮಣ್ಣು, ದೂರದಲ್ಲಿ ಕಾರ್ಖಾನೆಗಳ ಹೊಗೆ. ಕ್ಯಾಬಿನ್ನಿನಲ್ಲಿ ಭೋಜಣ್ಣ ಮೀನುಸಾರು ಮಾಡಿಟ್ಟಿದ್ದರು. ಅವರ ಎಡಗಡೆ ಕುಳಿತೆ. "ಈಚೆ ಬನ್ನಿ ಬಾಯಿ, ಆ ಕಿವಿ ಕೇಳುವುದಿಲ್ಲ" ಎಂದರು. ವಯಸ್ಸಿನದು ಎಂದುಕೊಂಡಿದ್ದೆ ಇಷ್ಟು ವರ್ಷ.

ವಯಸ್ಸಿನದಲ್ಲ.

ಸೈನಿಕರು ಬರುವ ಮೊದಲೇ ಭೋಜಣ್ಣ ಟ್ರಾನ್ಸ್‌ಮಿಟರಿನ ಕ್ರಿಸ್ಟಲ್ ಬಿಚ್ಚಿದ್ದರಂತೆ. ಬೆಂಕಿಪೆಟ್ಟಿಗೆಯಷ್ಟು ವಸ್ತು; ಅದಿಲ್ಲದೆ ಸ್ಟೇಷನ್ ತನ್ನ ತರಂಗಾಂತರದಲ್ಲಿ ಮಾತಾಡಲಾರದು. ಅಬ್ಬಾಸಿಯಾದ ತಮ್ಮ ರೂಮಿನಲ್ಲಿ ಹಾಲಿನ ಪುಡಿಯ ಡಬ್ಬದೊಳಗೆ ಹಾಕಿ ಮೇಲೆ ಪುಡಿ ತುಂಬಿಟ್ಟರು. ಎಲ್ಲಿ ಎಂದು ಸೈನಿಕರು ಕೇಳಿದರು. ಗೊತ್ತಿಲ್ಲ ಎಂದರು. ಬಂದೂಕಿನ ಹಿಂಬದಿಯಿಂದ ಕಿವಿಯ ಮೇಲೆ ಹೊಡೆದರು. ಗೊತ್ತಿಲ್ಲ ಎಂದರು.

"ನೀವು ಯಾಕೆ ಎಲ್ಲರ ಜೊತೆ ಊರಿಗೆ ಹೋಗ್ಲಿಲ್ಲ?"

"ಕ್ರಿಸ್ಟಲ್ ತಗೊಂಡು ಬಾರ್ಡರ್ ದಾಟ್ಲಿಕ್ಕೆ ಆಗ್ತದಾ? ಬಿಟ್ಟು ಹೋಗ್ಲಿಕ್ಕೂ ಮನಸ್ಸಾಗ್ಲಿಲ್ಲ. ಮನೆಯಲ್ಲಿ ನಾನು ಸತ್ತೆ ಅಂತ ಮೋಹಿನಿ ಕರಿಮಣಿ ತೆಗೆದಿಟ್ಟಿದ್ದಳಂತೆ. ಮಗಳು ಅಕ್ಷಿತಾ ಹುಟ್ಟಿದ್ದು ಆ ತಿಂಗಳೇ."

ಆಮೇಲೆ ಒಂದು ಕಾಗದ ತೋರಿಸಿದರು. ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ಮಡಿಕೆ. ಅಬು ನಾಸರ್ ಅವರ ಅಕ್ಷರ, ನನಗೆ ಗೊತ್ತು. 92ರಲ್ಲಿ ಬರೆದದ್ದು. ಈ ಸ್ಟೇಷನ್ನಿನ ಹತ್ತು ಪಾಲಿನಲ್ಲಿ ಒಂದು ಪಾಲು ಭೋಜನಿಗೆ, ಅವನು ಉಳಿಸಿದ್ದರಿಂದ ಇದು ಉಳಿಯಿತು. ಸಾಕ್ಷಿಗೆ ಹೆಂಡತಿಯ ಹೆಬ್ಬೆಟ್ಟು. ಪರದೇಶಿಯ ಹೆಸರು ಲೈಸೆನ್ಸಿನಲ್ಲಿ ಬರುವಂತಿಲ್ಲ. ಹಾಗಾಗಿ ರಿಜಿಸ್ಟರ್ ಮಾಡಿಸಲಿಲ್ಲ.

"ಪಾಲು ಗೀಲು ನಂಗೆ ಬೇಡ ಬಾಯಿ. ಕೇಳಿದ್ರೂ ಕೊಡುವವರಲ್ಲ. ನೀವು ಬರೆಯುವುದರಲ್ಲಿ ಒಂದು ಗೆರೆ ಸಾಕು. ಇವನೂ ಇದ್ದ ಅಂತ."

ಬರೆಯುತ್ತೇನೆ ಎಂದೆ.

12 ನವೆಂಬರ್, ಭಾನುವಾರ

ಬರೆದೆ. 1984ಕ್ಕೂ 1999ಕ್ಕೂ ನಡುವೆ ಒಂದೇ ಗೆರೆ. ನಾಸರ್ ಓದಿದ. ಎದುರು ಕುಳಿತಿದ್ದ ಲಾಯರಿಗೆ ಹಾಳೆ ದಾಟಿಸಿದ. ಲಾಯರ್ ನನ್ನ ಮುಖವನ್ನೂ ನೋಡದೆ ಪೆನ್ನಿನಿಂದ ಆ ಗೆರೆ ಹೊಡೆದುಹಾಕಿದ.

"ನ್ಯಾನ್ಸಿ, ದಿಸ್ ಈಸ್ ನಾಟ್ ಹಿಸ್ಟರಿ. ದಿಸ್ ಈಸ್ ಪ್ರಾಬ್ಲಮ್" ಎಂದ ನಾಸರ್.

"ನಿಮ್ಮ ತಂದೆಯೇ ಬರೆದುಕೊಟ್ಟಿದ್ದಾರೆ ಸರ್. ನಾನು ಕಣ್ಣಾರೆ ನೋಡಿದೆ."

ನಾಸರ್ ಹಾಳೆ ಮಡಿಸಿದ. "ಮಗಳು ಯಾವ ಕ್ಲಾಸ್ ಈಗ?" ಎಂದ. ಬಹಳ ಮೆತ್ತಗೆ.

17 ನವೆಂಬರ್, ಶುಕ್ರವಾರ

ಚರ್ಚಿಗೆ ಹೋಗಿ ಅಲ್ಲಿಂದ ಸೀದಾ ನಾಸರ್‌ನ ತಾಯಿ ಉಮ್ಮ್ ನಾಸರ್ ಮನೆಗೆ. ಯಜಮಾನರು ಹೋದ ಮೇಲೆ ಹೋಗಿರಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ರಾನ್ಸನ್‌ಗಾಗಿ ದುವಾ ಹೇಳಿದರು.

ನನ್ನ ಹರುಕು ಅರಬಿಯಲ್ಲಿ ಕೇಳಿದೆ. ನೆನಪಿದೆಯೇ, ಭೋಜಣ್ಣನ ಕಾಗದ? ಹೆಬ್ಬೆರಳು ಎತ್ತಿ ತೋರಿಸಿದರು. ಶಾಯಿ ಮೂರು ದಿನ ಹೋಗಲಿಲ್ಲವಂತೆ. ಯುದ್ಧ ಮುಗಿದ ಮೇಲೆ ಮೊದಲ ಸಲ ರೇಡಿಯೋ ಮಾತಾಡಿದಾಗ ಯಜಮಾನರು ಅಡುಗೆಮನೆಗೆ ಬಂದು ಮಗುವಿನ ಹಾಗೆ ಅತ್ತಿದ್ದರಂತೆ. "ಭೋಜ ನನ್ನ ಮನೆಯ ಮಗ. ನಾನು ನಾಸರ್‌ಗೆ ಹೇಳುತ್ತೇನೆ" ಎಂದರು.

ಟ್ಯಾಕ್ಸಿಯಲ್ಲಿ ಖೈತಾನ್‌ನ ಮನೆಗೆ ಬರುವಾಗ ಹಾಡಬೇಕು ಅನಿಸಿತು. ಎಷ್ಟು ದಿನವಾಗಿತ್ತು ಹಾಗೆ ಅನಿಸಿ.

19 ನವೆಂಬರ್, ಭಾನುವಾರ

ಹೋಗಬಾರದಿತ್ತು.

ನಾಸರ್ ಬಾಗಿಲು ಹಾಕಿಕೊಂಡು ಮಾತಾಡಿದ. ತಾಯಿಗೆ ವಯಸ್ಸಾಗಿದೆ, ನಿನ್ನೆ ಊಟ ಮಾಡಿದ್ದು ಇಂದು ನೆನಪಿಲ್ಲ. ಅವರ ಹತ್ತಿರ ಹೋಗಲು ನಿನಗೆ ಯಾರು ಹೇಳಿದರು? ಆಮೇಲೆ ದನಿ ಇಳಿಸಿದ. ಒರಿಜಿನಲ್ ಕಾಗದ ತಂದುಕೊಡು. ಲಾಯರ್ ನೋಡಲಿ. ನಿಜವಾದರೆ ಗೆರೆ ಸೇರಿಸೋಣ.

"ನಿಜವಾಗಿಯೂ ಸೇರಿಸುತ್ತೀರಾ ಸರ್?"

"ಯಲ್ಲಾ ನ್ಯಾನ್ಸಿ. ತಗೊಂಡು ಬಾ. ನಿನ್ನ ರಿಲೀಸ್ ಟೈಪ್ ಆಗಿದೆ. ಸೈನ್ ಒಂದು ಬಾಕಿ."

21 ನವೆಂಬರ್, ಮಂಗಳವಾರ

ತಂದೆ. ಕೊಟ್ಟೆ.

ಭೋಜಣ್ಣ ಏನೂ ಕೇಳಲಿಲ್ಲ. ಕವರನ್ನು ಅಂಗಿಯಿಂದ ಒರೆಸಿ ಕೈಗಿಟ್ಟರು. "ನೀವು ಹೇಳಿದ ಮೇಲೆ ಎಂತ ಬಾಯಿ, ತಗೊಂಡು ಹೋಗಿ." ವ್ಯಾನಿನವರೆಗೆ ಬಂದು ಬಾಗಿಲು ಹಾಕಿಕೊಟ್ಟರು.

ನಾಸರ್ ಕಾಗದ ಓದಿದ. ಅಪ್ಪನ ಅಕ್ಷರವನ್ನೇ ನೋಡುತ್ತಿದ್ದ. ಇನ್ನೇನು ಏನೋ ಹೇಳುತ್ತಾನೆ ಅನಿಸಿತು. ಡ್ರಾಯರ್ ಎಳೆದ, ಒಳಗಿಟ್ಟ, ಬೀಗ ಹಾಕಿದ. ನಂತರ ನನ್ನ ರಿಲೀಸಿಗೆ ಸೈನ್ ಮಾಡಿದ. ಆಮೇಲೆ ಹಿಸ್ಟರಿಯ ಹೊಸ ಹಾಳೆ ನನ್ನ ಮುಂದೆ ಇಟ್ಟ. ಲಾಯರ್ ಟೈಪ್ ಮಾಡಿಸಿದ್ದು. ಭೋಜಣ್ಣ ಇಲ್ಲದ ಹಿಸ್ಟರಿ.

ಸಹಿ ಹಾಕಿದೆ.

ಜೆರಾಕ್ಸ್ ಮಾಡಿಟ್ಟುಕೊಳ್ಳಬಹುದಿತ್ತು. ಮೆಷಿನ್ ನನ್ನ ಮೇಜಿನ ಪಕ್ಕದಲ್ಲೇ ಇದೆ. ಕಾಗದ ಚೀಲದಲ್ಲಿಟ್ಟುಕೊಂಡು ಅದರ ಪಕ್ಕದಿಂದಲೇ ನಡೆದು ಹೋದೆ. ಹೊಳೆಯಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳು. ಹೊಳೆಯಿತು. ಪ್ರತಿ ಇದ್ದರೆ ಹೋರಾಡಬೇಕಾಗುತ್ತದೆ ಎಂದೂ ಹೊಳೆಯಿತು.

27 ಡಿಸೆಂಬರ್, ಬುಧವಾರ

ಒಂದು ತಿಂಗಳು ಬರೆದಿಲ್ಲ. ಬರೆಯಲು ಕೂತರೆ ಆ ಮೆಷಿನ್ನಿನ ಹತ್ತಿರವೇ ಬಂದು ನಿಲ್ಲುತ್ತೇನೆ.

ಇಂದು ಕೊನೆ. ಮಧ್ಯಾಹ್ನ ಹನ್ನೆರಡಕ್ಕೆ ಗಾಳಿಯ ಸುದ್ದಿ, ಒಂದು ವಂದನೆ, ಅಷ್ಟೆ. ಸ್ವಿಚ್ ಆಫ್ ಮಾಡಲು ಭೋಜಣ್ಣನೇ. ಹೋಗಲೇಬೇಕು ಅನಿಸಿತು, ಹೋದೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮೀಟರಿನ ಮುಳ್ಳು ನಿಧಾನಕ್ಕೆ ಇಳಿದು ಸೊನ್ನೆಗೆ ಬಂತು. ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ತಿರುಗಿ ನಿಂತಿತು. ಮೂವತ್ತೆರಡು ವರ್ಷದಲ್ಲಿ ಆ ಕ್ಯಾಬಿನ್ನಿನ ಗೋಡೆ ಗಡಿಯಾರದ ಸದ್ದು ಕೇಳಿದ್ದು ಇದೇ ಮೊದಲಂತೆ.

"ಬಾಯಿ... ಕಾಗದ ನೋಡಿದ್ರಾ ಅವರು?"

"ನೋಡಿದರು."

"ಎಂತ ಹೇಳಿದ್ರು?"

ನಾನು ನೆಲ ನೋಡಿದೆ. ಅವರಿಗೆ ಸಾಕಾಯಿತು. ಬಲಗಿವಿ ನನ್ನ ಕಡೆ ತಿರುಗಿಸಿ ಕಾದಿದ್ದವರು ಮೆಲ್ಲನೆ ಮುಖ ಆಚೆ ತಿರುಗಿಸಿದರು.

"ಮಗಳಿಗೆ ಪರೀಕ್ಷೆ ಯಾವಾಗ?"

"ಮಾರ್ಚ್."

"ಒಳ್ಳೆದಾಗ್ಲಿ. ಓದಲಿ."

ಆಫೀಸಿಗೆ ಬಂದರೆ ಫೋನ್ ಬಡಿದುಕೊಳ್ಳುತ್ತಿತ್ತು. ಯಾರೋ ಮುದುಕ, ದೋಣಿಯವನು. ರೇಡಿಯೋ ಕೆಟ್ಟಿದೆಯೇ, ನಾಳೆ ಗಾಳಿ ಎಷ್ಟು ಎಂದು ಕೇಳಿದ. ಫ್ಯಾಕ್ಸ್ ತೆಗೆದು ಓದಿ ಹೇಳಿದೆ. ನಾಡಿದ್ದು ಕೂಡ ಫೋನ್ ಮಾಡುತ್ತೇನೆ, ನೀನು ಇರುತ್ತೀಯಲ್ಲ ಎಂದ.

9 ಜನವರಿ 2007, ಮಂಗಳವಾರ

ಭೋಜಣ್ಣನ ಫ್ಲೈಟ್ ಇಂದು. ಹೊಸ ಆಫೀಸಿನಲ್ಲಿ ಮೊದಲ ವಾರ, ರಜೆ ಕೇಳಲಾಗಲಿಲ್ಲ.

ಕೇಳಲಿಲ್ಲ.

29 ಮೇ, ಮಂಗಳವಾರ

ಶೆರಿಲ್ ಎಂಬತ್ತೇಳು ಪರ್ಸೆಂಟ್! ಅಪ್ಪನ ಫೋಟೋದ ಮುಂದೆ ಮೊಂಬತ್ತಿ ಹಚ್ಚಿ ಅತ್ತಳು. ನಾನೂ. ನನ್ನ ಅಳುವಿನಲ್ಲಿ ಬೇರೆಯದೂ ಸೇರಿತ್ತು, ಅವಳಿಗೆ ಗೊತ್ತಾಗಲಿಲ್ಲ. ಮಂಗಳೂರಿನಲ್ಲಿ ಕಾಲೇಜು. ಸೇರಿಸಿ ಬರಲು ಎರಡು ವಾರ ರಜೆ ಸಿಕ್ಕಿದೆ.

24 ಜೂನ್, ಭಾನುವಾರ

ನಿನ್ನೆ ಮರಳಿದೆ. ಫ್ಲ್ಯಾಟಿನಲ್ಲಿ ಒಬ್ಬಳೇ. ಮುಲ್ಕಿಯದ್ದು ಬರೆಯಬೇಕು, ಅಲ್ಲಿದ್ದಾಗ ಬರೆಯಲಾಗಲಿಲ್ಲ.

ಹೇಳದೆ ಹೋದೆ. ಹೇಳಿದ್ದರೆ ಬೇಡ ಎನ್ನುತ್ತಾರೆಂಬ ಹೆದರಿಕೆ. ಭೋಜಣ್ಣ ಜಗಲಿಯಲ್ಲಿ ಯಾರದೋ ಮಿಕ್ಸಿ ಬಿಚ್ಚಿಟ್ಟುಕೊಂಡು ಕೂತಿದ್ದರು. ತುಂಬ ಇಳಿದುಹೋಗಿದ್ದಾರೆ. ನನ್ನನ್ನು ನೋಡಿ ಎದ್ದರು, ಆದರೆ ಬಾಯಿ ತೆರೆಯುವ ಮೊದಲೇ ಮೋಹಿನಿಯಕ್ಕ ಹೊರಗೆ ಬಂದರು.

"ನೀವೇ ಅಲ್ವಾ ನ್ಯಾನ್ಸಿ ಬಾಯಿ? ಸ್ಟೇಷನಿನ ಚರಿತ್ರೆಯಲ್ಲಿ ಇವರ ಹೆಸರು ಬರೆದದ್ದು? ಬನ್ನಿ ಬನ್ನಿ! ಬಂದ ದಿನದಿಂದ ಹೇಳ್ತಾ ಇದ್ದಾರೆ — ಬಾಯಿ ಬರೆದ್ರು, ಯಜಮಾನ್ರ ಹೆಸರಿನ ಕೆಳಗೇ ನನ್ನ ಹೆಸರು ಅಂತ."

ನಾನು ಭೋಜಣ್ಣನ ಮುಖ ನೋಡಿದೆ. ಅವರು ಸ್ಕ್ರೂಡ್ರೈವರ್ ನೋಡುತ್ತಿದ್ದರು.

"ಹೌದು," ಎಂದೆ. "ನಾನೇ ಬರೆದದ್ದು."

ಸುಳ್ಳೂ ಅಲ್ಲ, ಸತ್ಯವೂ ಅಲ್ಲ. ಒಮ್ಮೆ ಬರೆದಿದ್ದೆನಲ್ಲ.

ಮೋಹಿನಿಯಕ್ಕ ಬಂಗುಡೆ ಹುರಿದರು. ಬಡಿಸುತ್ತ ಹೇಳಿದರು: ಅತ್ತೆ ಸಾಯುವಾಗ ಇವರು ಬರಲಿಲ್ಲ, ಹೆರಿಗೆಗೆ ಬರಲಿಲ್ಲ. ಊರವರೆಲ್ಲ ಕೇಳುತ್ತಿದ್ದರು, ನಿನ್ನ ಗಂಡ ಅಲ್ಲಿ ಏನು ಮಾಡುತ್ತಾನೆ? ಈಗ ಹೇಳಲಿಕ್ಕೆ ಒಂದು ಮಾತು ಉಂಟು. ಮಗಳು ಅಕ್ಷಿತಾ, ಪಿಯುಸಿಗೆ ಸೇರಿದ್ದಾಳೆ, ನನ್ನ ಪಕ್ಕ ಕುಳಿತು ಕೇಳಿದಳು: "ಆಂಟಿ, ಆ ಪೇಪರಿನ ಒಂದು ಕಾಪಿ ಕಳಿಸ್ತೀರಾ? ಫ್ರೇಮ್ ಹಾಕಿಸ್ಬೇಕು."

ಕಳಿಸುತ್ತೇನೆ ಎಂದೆ.

ಬಸ್ ಸ್ಟಾಪಿನವರೆಗೆ ಭೋಜಣ್ಣ ಜೊತೆಗೆ ಬಂದರು.

"ಕಳಿಸುವುದೆಲ್ಲ ಬೇಡ ಬಾಯಿ. ಮಕ್ಕಳು, ಎರಡು ತಿಂಗಳಲ್ಲಿ ಮರೀತಾರೆ."

"ಭೋಜಣ್ಣ, ಆ ದಿನ ನಾನು ಜೆರಾಕ್ಸ್ ಮಾಡಬಹುದಿತ್ತು..."

"ಬಸ್ ಬಂತು," ಎಂದರು. ಬಂದಿರಲಿಲ್ಲ. ಕಾಲು ಗಂಟೆ ಅಲ್ಲಿ ನಿಂತೆವು, ನಾನು ಅವರ ಎಡಗಡೆ, ಕೇಳದ ಕಿವಿಯ ಪಕ್ಕ.

30 ಜೂನ್, ಶನಿವಾರ, ಮಧ್ಯಾಹ್ನ

ಅಕ್ಷಿತಾಳ ಇಮೇಲ್. ಆಂಟಿ, ಪೇಪರ್?

ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಕಂಪ್ಯೂಟರಿನಲ್ಲಿ ಬರೆಯತೊಡಗಿದೆ. 1974, 1981, 1984 — ಎಲ್ಲ ಬಾಯಿಪಾಠ. 1990 ಆಗಸ್ಟಿನಿಂದ ಏಳು ತಿಂಗಳು — ಈ ಸಲ ಒಂದು ಹೆಸರು ಬರೆದೆ. ಲೆಟರ್‌ಹೆಡ್ ಇಲ್ಲ, ಸೀಲ್ ಇಲ್ಲ. ಇರಲಿ. ಸಹಿ ನನ್ನದೇ.

1992ಕ್ಕೆ ಬಂದು ಕೈ ನಿಂತಿತು. ಕಾಗದದ ಮೇಲೆ ತಾರೀಖು ಇತ್ತು. ಯಾವುದು? ಅದು ನೆನಪಿರುವ ಮನುಷ್ಯ ಒಬ್ಬರೇ.

ಮುಲ್ಕಿಗೆ ಫೋನ್ ಹಚ್ಚಿದ್ದೇನೆ. ಮೋಹಿನಿಯಕ್ಕ ಎತ್ತಿದರು. ಅವರನ್ನು ಕರೆಯಿರಿ, ಒಂದು ತಾರೀಖು ಕೇಳಬೇಕು ಎಂದೆ. "ತಡೀರಿ, ಹಿತ್ತಿಲಲ್ಲಿದ್ದಾರೆ." ರಿಸೀವರ್ ಕೆಳಗಿಟ್ಟ ಸದ್ದು. ಫೋನ್ ಕಿವಿಗಿಟ್ಟುಕೊಂಡೇ ಇದನ್ನು ಗೀಚುತ್ತಿದ್ದೇನೆ, ಕೈಗೆ ಏನಾದರೂ ಬೇಕಲ್ಲ. ಮೊದಲು ತಾರೀಖು ಕೇಳುವುದಲ್ಲ. ಮೊದಲು ಆ ಜೆರಾಕ್ಸಿನದು, ನನ್ನ ಸಹಿಯದು ಹೇಳಿ, ಆಮೇಲೆ... ಕೋಳಿಗಳ ಸದ್ದು. ಯಾರೋ ಮೆಟ್ಟಿಲು ಹತ್ತುತ್ತಿದ್ದಾರೆ. ನಿಧಾನ. ರಿಸೀವರ್ ಎತ್ತಿ ಒಂದು ಕಿವಿಯಿಂದ ಇನ್ನೊಂದಕ್ಕೆ, ಕೇಳುವ ಕಿವಿಗೆ, ಇಟ್ಟುಕೊಂಡ ಸದ್ದು. ಬಂದರು.